ತಿಳಿವು

ಕೆಸರು ತಳಕ್ಕಿಳಿದು ನಿರ್ಮಲವಾದ ನೀರನ್ನು ಕನ್ನಡಿಗರು ತಿಳಿನೀರು ಎನ್ನುತ್ತಾರೆ. ವಿಷಯವು ಮನಸ್ಸಿಗೆ ಸ್ಪಷ್ಟವಾದಾಗ ‘ತಿಳಿಯಿತು’ ಎನ್ನುತ್ತಾರೆ. ಎರಡೆಡೆಯೂ ಇರುವುದು ‘ತಿಳಿ’ ಎಂಬ ಒಂದೇ ಧಾತು. ತಮಿಳು, ಮಲಯಾಳಗಳ ‘ತೆಳಿ’, ತೆಲುಗಿನ ‘ತೆಲಿಯು’ ಇದರ ಒಡಹುಟ್ಟುಗಳು. ಅಡಿಗೆಮನೆಯ ತಿಳಿಸಾರೂ ಈ ಬಳಗದ್ದೇ!

ಕಂಠಪಾಠವನ್ನೇ ತಿಳಿವಳಿಕೆಯೆಂದು ಭಾವಿಸುವವರ ಪಕ್ಷವನ್ನು ಈ ಪದವು ವಹಿಸುವುದಿಲ್ಲ. ಕದಡಿದ ಕೊಳಕ್ಕೆ ಮತ್ತಷ್ಟು ನೀರು ಸುರಿದರೆ ಕೊಳ ತುಂಬೀತು, ತಿಳಿಯಾಗದು. ವ್ಯಾಕರಣವೂ ಇದನ್ನೇ ಸೂಚಿಸುತ್ತದೆ. ‘ಅವನು ಓದಿದನು’ ಎಂಬಲ್ಲಿ ಓದುಗನು ಕರ್ತೃ. ‘ಅವನಿಗೆ ತಿಳಿಯಿತು’ ಎಂಬಲ್ಲಿ ಅವನು ಚತುರ್ಥಿ ವಿಭಕ್ತಿಗೆ ಸರಿದು ನಿಲ್ಲುತ್ತಾನೆ. ಓದುವುದು ಅವನ ಕೆಲಸ. ಓದಿದ್ದು ತಿಳಿಯಾಗಲು ನೀರಿಗೆಂತೋ ಮನಸ್ಸಿಗೂ ಅಂತೆಯೇ ಕೊಂಚ ಹೊತ್ತು ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನೆಲ್ಲ ಉರುಹೊಡೆಯುವ ವಿದ್ಯಾರ್ಥಿಗೆ ಆ ಹೊತ್ತು ದೊರೆಯುವುದಿಲ್ಲ.