ಬಿಡುವಿನ ವೇಳೆಗೆ: ಹುಟ್ಟುಹಬ್ಬಕ್ಕೆ ಕಾಗದದ ಕಿರೀಟ

ಮಗುವಿನ ಹುಟ್ಟುಹಬ್ಬಕ್ಕೆ ಕಿರೀಟ ಮಾಡಬೇಕೆಂದಿದ್ದೀರಾ? ಹಾಗಾದರೆ ಒಂದೇ ಮಾಡಬೇಡಿ, ಬರುವ ಮಕ್ಕಳಿಗೆಲ್ಲ ಮಾಡಿ. ಉಡುಗೊರೆ ತರಲಾಗದೆ ಬಾಗಿಲ ಬಳಿಯೇ ಹಿಂಜರಿದು ನಿಲ್ಲುವ ಮಗುವೊಂದು ಎಲ್ಲರ ಮನೆಗೂ ಬರುತ್ತದೆ ನೋಡಿ. ಒಳಗೆ ಬರುವಾಗಲೇ ತಲೆಗೊಂದು ಕಿರೀಟ ಇಟ್ಟುಬಿಟ್ಟರೆ ಅದೂ ರಾಣಿಯೇ!

ಖರ್ಚಿನ ಚಿಂತೆ ಬೇಡ. 22 x 28 ಅಂಗುಲದ ಒಂದು ಚಾರ್ಟ್ ಶೀಟಿನಲ್ಲಿ 6 ಕಿರೀಟ ಆಗುತ್ತವೆ. ಹೇಗೆಂದಿರಾ? ಉದ್ದದಲ್ಲಿ 6 ಅಂಗುಲ ಕತ್ತರಿಸಿ ತೆಗೆದಿಡಿ. ಉಳಿದದ್ದರಲ್ಲಿ 22 ಅಂಗುಲ ಉದ್ದ, 7 ಅಂಗುಲ ಅಗಲದ ಮೂರು ಪಟ್ಟಿ ಮಾಡಿ. ಪ್ರತಿ ಪಟ್ಟಿಗೂ ಮೇಲೆ 2, ಕೆಳಗೆ 2 ಅಂಗುಲ ಬಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆ ಎರಡು ಗೆರೆಗಳ ನಡುವೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಕತ್ತರಿಸಿಕೊಂಡು ಹೋದರೆ ಒಂದು ಪಟ್ಟಿಗೆ ಎರಡು ಕಿರೀಟ.

ಐದಾರು ವರ್ಷದ ಮಕ್ಕಳ ತಲೆಯ ಸುತ್ತಳತೆ ಸುಮಾರು 20 ಅಂಗುಲ. ಉಳಿದ 2 ಅಂಗುಲ ಅಂಟಿಸಲಿಕ್ಕೆ. ಮೈದಾ ಹಿಟ್ಟನ್ನು ನೀರಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯ ಹಾಗೆ ಕಾಯಿಸಿದರೆ ಅಂಟು ಸಿದ್ಧ. ಹಿಂದಿನ ದಿನವೇ ಅಂಟಿಸಿ, ಬಟ್ಟೆ ಕ್ಲಿಪ್ ಹಾಕಿ ಒಣಗಲು ಬಿಡಿ. ಒಂದೆರಡನ್ನು ಮಾತ್ರ ಅಂಟಿಸದೆ ಇಟ್ಟುಕೊಳ್ಳಿ, ದೊಡ್ಡ ತಲೆಯವರೂ ಬರಬಹುದಲ್ಲ! ಸ್ಟೇಪ್ಲರ್ ಬೇಡವೇ ಬೇಡ, ಪಿನ್ನು ಹಣೆಗೆ ಗೀರುತ್ತದೆ.

ತೆಗೆದಿಟ್ಟ ಕಾಗದ, ಹಳೆಯ ಲಗ್ನಪತ್ರಿಕೆಯ ಹೊಳೆಯುವ ಭಾಗ ಇವುಗಳಲ್ಲಿ ಹೂವು, ನಕ್ಷತ್ರ ಕತ್ತರಿಸಿ ತಟ್ಟೆಯಲ್ಲಿಡಿ. ಮಕ್ಕಳೇ ಅಂಟಿಸಿಕೊಳ್ಳಲಿ. ಅಷ್ಟು ಹೊತ್ತು ನೀವು ನೆಮ್ಮದಿಯಾಗಿ ಬೋಂಡ ಕರಿಯಬಹುದು.

ಹುಟ್ಟುಹಬ್ಬದ ಮಗುವಿಗೆ ಬೇರೆ ಗುರುತು ಬೇಕೇ? ಅದರ ಕಿರೀಟಕ್ಕೊಂದು ನವಿಲುಗರಿ ಸಿಕ್ಕಿಸಿ, ಸಾಕು.