ಫಾರ್ಮ್ಯಾಟ್ ಮಾಡ್ಬುಡಿ ಸಾರ್!

ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೆ ಕಂಪ್ಯೂಟರಿನ ಕಾಯಿಲೆ ಯಾವುದೇ ಇರಲಿ, ಮದ್ದು ಹೆಚ್ಚುಕಮ್ಮಿ ಒಂದೇ: 'ಫಾರ್ಮ್ಯಾಟ್ ಮಾಡ್ಬುಡಿ ಸಾರ್.' 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತಲ್ಲ, ವಿಂಡೋಸ್ 11 ಹಾಕೋಕೆ ಹೋಗಿ ಅರ್ಧಕ್ಕೆ ನಿಂತ ಮಷೀನುಗಳಿಗೂ ಅದೇ ಮದ್ದು.

ನನ್ನ ತಕರಾರು ಇರೋದೇ ಇಲ್ಲಿ. ಅಪ್‌ಗ್ರೇಡ್ ಕೆಟ್ಟರೆ ವಿಂಡೋಸ್ ಸಾಮಾನ್ಯವಾಗಿ ತಾನೇ ಹಳೇದಕ್ಕೆ ಮರಳುತ್ತೆ, ಫೈಲುಗಳು ಇದ್ದಲ್ಲೇ ಇರ್ತವೆ. ಜೊತೆಗೊಂದು ಎರರ್ ಕೋಡ್ ಕೊಡುತ್ತೆ. ಓದೋರು ಯಾರು? ಅದರಲ್ಲಿ 1900101 ಕಂಡರೆ ಬಹುಮಟ್ಟಿಗೆ ಡ್ರೈವರ್ ತೊಂದರೆ. ಪ್ರಿಂಟರ್, ಸ್ಕ್ಯಾನರ್ ಕಿತ್ತಿಟ್ಟು, ಹೊರಗಿನ ಆಂಟಿವೈರಸ್ ತೆಗೆದು ಮತ್ತೆ ಓಡಿಸಿ ನೋಡಬೇಕು. ಜಾಗ ಸಾಲದಿದ್ದರೆ ಡಿಸ್ಕ್ ಖಾಲಿ ಮಾಡಬೇಕು. ಟಿಪಿಎಂ 2.0 ಕಾಣದಿದ್ದರೆ ಬಯಾಸ್‌ನಲ್ಲಿ ಆಫ್ ಆಗಿದೆಯಾ ನೋಡಬೇಕು. ಪ್ರೊಸೆಸರೇ ಹಳೇದಾದ್ರೆ ಫಾರ್ಮ್ಯಾಟ್ ಮಾಡಿದ್ರೂ ಅದೇನು ಹೊಸದಾಗಲ್ಲ! ಲಾಗ್ ಜಾಲಾಡಿ ಕಾರಣ ಹೇಳೋ ಮೈಕ್ರೋಸಾಫ್ಟಿನ ಸೆಟಪ್‌ಡಯಾಗ್ ಪುಕ್ಕಟೆ ಸಿಗುತ್ತೆ.

'ಅಷ್ಟೆಲ್ಲ ಟೈಮ್ ಎಲ್ಲಿ ಸಾರ್?' ಅಂತಾರೆ. ನಿಜ, ಫಾರ್ಮ್ಯಾಟ್ ಬೇಗ ಮುಗಿಯುತ್ತೆ. ಆದ್ರೆ ಡಿಟಿಪಿ ಅಂಗಡಿಯವರು ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿ ಡೆಸ್ಕ್‌ಟಾಪ್ ಮೇಲೇ ಇಟ್ಟ ಲಗ್ನಪತ್ರಿಕೆ, ಕರಾರುಪತ್ರ, ಸಂಘದ ಲೆಕ್ಕ? ಅದೆಲ್ಲ ಇರೋದು ಸಿ ಡ್ರೈವಲ್ಲೇ. ಬೆಂಗಳೂರಿನ ಆಫೀಸುಗಳಿಗೆ ಬ್ಯಾಕಪ್ ಅಂದ್ರೆ ಕ್ಲೌಡು, ನಮ್ಮ ಕಡೆ ಎಷ್ಟೋ ಜನರಿಗೆ ಇರೋದೇ ಅದೊಂದು ಡಿಸ್ಕು. ಹಸು ಮೇವು ಬಿಟ್ಟಿತು ಅಂತ ಕೊಟ್ಟಿಗೆಗೇ ಬೆಂಕಿ ಹಾಕ್ತೀವಾ?

ರಿಪೇರಿಗೆ ಹೋದಾಗ ಎರಡೇ ಮಾತು ಕೇಳಿ: 'ಕೋಡ್ ಏನು ಬಂದಿದೆ? ಬ್ಯಾಕಪ್ ತಗೊಂಡ್ರಾ?' ಉತ್ತರ ಸಿಗೋವರೆಗೂ ಫಾರ್ಮ್ಯಾಟಿಗೆ ಹೂಂ ಅನ್ನಬೇಡಿ.