ಚಾರ್ಮಾಡಿ ಘಾಟ್: ನೋಡೋಕೆ ಬರೋರಿಗೆ ಬರವಿಲ್ಲ, ಗಾಡಿ ನಿಲ್ಲಿಸೋಕೆ ಜಾಗವಿಲ್ಲ

ಮೂಡಿಗೆರೆ: ಮಳೆ ಹಿಡಿದ್ರೆ ಸಾಕು, ಭಾನುವಾರ ಬಂತೆಂದರೆ ಚಾರ್ಮಾಡಿ ಘಾಟ್‌ನಲ್ಲಿ ಜಾತ್ರೆ. ಬೆಳಗ್ಗೆ ಬಂದು ಸಂಜೆಗೆ ವಾಪಸ್ ಹೋಗುವ ಜನ. ಇವರಿಗೆ ರೂಮ್ ಬೇಡ, ಗೈಡ್ ಬೇಡ. ರಸ್ತೆ ಪಕ್ಕದಲ್ಲೇ ಬಂಡೆ ಮೇಲಿಂದ ನೀರು ಸುರಿಯುತ್ತೆ, ಮಂಜು ರಸ್ತೆಗೇ ಇಳಿದು ಬರುತ್ತೆ. ಕಾರಿನ ಬಾಗಿಲು ತೆಗೆದರೆ ಜಲಪಾತ. ಆಲೇಖಾನ್ ಥರ ಹೆಸರಿರೋದು ಕೆಲವೇ, ಉಳಿದವು ಹೆಸರೇ ಇಲ್ಲದ ಮಳೆಗಾಲದ ಝರಿಗಳು. ಫೋಟೋಗೆ ಹೆಸರು ಯಾಕೆ ಬೇಕು ಹೇಳಿ?

ತೊಂದರೆ ಏನಂದ್ರೆ, ಝರಿ ಬೀಳೋದು ತಿರುವಿನಲ್ಲಿ. ಕಾರು ನಿಲ್ಲೋದೂ ಅಲ್ಲೇ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಎರಡು ಬಸ್ಸು ಎದುರಾದರೆ ಉಸಿರು ಬಿಗಿಹಿಡಿಯುವಷ್ಟು ರಸ್ತೆ. ನಾಲ್ಕು ಕಾರು ಅಡ್ಡಾದಿಡ್ಡಿ ನಿಂತ್ರೆ ಸಾಲು ಬೆಳೀತಾ ಹೋಗುತ್ತೆ.

ಇದು ಬರೀ ಪಿಕ್ನಿಕ್ ರಸ್ತೆ ಅಲ್ಲ, ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73. ತಾಲ್ಲೂಕಿನಲ್ಲಿ ಯಾರಿಗಾದರೂ ಎದೆನೋವು ಬಂದ್ರೆ, ಹೆರಿಗೆ ಕಷ್ಟ ಆದ್ರೆ, ಮಂಗಳೂರಿಗೆ ಓಡೋದು ಇದೇ ದಾರಿಯಲ್ಲಿ. ಶಿರಾಡಿಯಲ್ಲಿ ಗುಡ್ಡ ಕುಸಿದ್ರೆ ಅಲ್ಲಿನ ಗಾಡಿಗಳ ಭಾರವೂ ಇತ್ತ ಬೀಳುತ್ತೆ. 2019ರ ಆಗಸ್ಟ್ ಮಳೆಗೆ ಈ ಘಾಟ್ ಹಲವು ಕಡೆ ಕುಸಿದು ಸಂಚಾರವೇ ಬಂದ್ ಆಗಿದ್ದಾಗ ಏನೇನು ಅನುಭವಿಸಿದ್ದೇವೆ ಅನ್ನೋದನ್ನ ಕೊಟ್ಟಿಗೆಹಾರದ ಅಂಗಡಿಯವರಿಗೆ ನೆನಪಿಸಬೇಕಾಗಿಲ್ಲ.

ಪೊಲೀಸರು ಸುಮ್ಮನೆ ಕೂತಿಲ್ಲ. 2024ರ ಜುಲೈನಲ್ಲಿ ಜಾರುವ ಬಂಡೆ ಹತ್ತಿ ನೀರಲ್ಲಿ ಆಡುತ್ತಿದ್ದವರ ಬಟ್ಟೆಯನ್ನೇ ಎತ್ತಿಕೊಂಡು ಹೋಗಿದ್ದರು. ವಿಡಿಯೋ ನೋಡಿ ಊರೆಲ್ಲ ನಕ್ಕಿತು. ನಗು ಮುಗಿದ ಮೇಲೆ ಬಂಡೆ ಹತ್ತೋರು ಕಡಿಮೆ ಆದ್ರಾ? ಇವತ್ತು ಬೈಸಿಕೊಂಡವರು ಬೇರೆ, ಮುಂದಿನ ವಾರ ಬರೋರೇ ಬೇರೆ. ಒಂದು ದಿನದ ಪ್ರವಾಸಿಗೆ ದಂಡ ಪಾಠ ಕಲಿಸೋದಿಲ್ಲ.

ಜಿಲ್ಲಾಡಳಿತ ಮುಳ್ಳಯ್ಯನಗಿರಿ ಭಾಗಕ್ಕೆ ಬೇರೆ ದಾರಿ ಹಿಡಿದಿದೆ. 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಬುಕಿಂಗ್, ಬೆಳಗ್ಗೆ 600 ಗಾಡಿ, ಮಧ್ಯಾಹ್ನದ ಮೇಲೆ 600. ಅದೇ ಇಲ್ಲಿಗೂ ತನ್ನಿ ಅನ್ನೋ ಮಾತು ಆಗಾಗ ಕೇಳಿಬರುತ್ತೆ. ಆಗದ ಮಾತು. ಗಿರಿಗೆ ಚೆಕ್‌ಪೋಸ್ಟ್ ಹಾಕಿ ಎಣಿಸಬಹುದು. ಧರ್ಮಸ್ಥಳಕ್ಕೆ ಹೋಗೋ ಭಕ್ತರನ್ನೂ ಮಂಗಳೂರಿನ ಬಸ್ಸನ್ನೂ ಪ್ರವಾಸಿಯನ್ನೂ ಒಂದೇ ಹೆದ್ದಾರಿಯಲ್ಲಿ ಬೇರೆ ಬೇರೆ ಮಾಡಿ ಎಣಿಸೋದು ಹೇಗೆ?

ಹಾಗಾಗಿ ಉಳಿಯೋದು ಒಂದೇ ಉಪಾಯ: ತಿರುವಿನಲ್ಲಿ ನಿಲ್ಲದಂತೆ ಮಾಡಿ, ನಿಲ್ಲೋಕೆ ಬೇರೆ ಜಾಗ ಕೊಡೋದು. ರಸ್ತೆ ಅಗಲ ಮಾಡೋ ಮಾತು ಬಂದಾಗಲೆಲ್ಲ ಡಾಂಬರಿನ ಲೆಕ್ಕ ಆಗುತ್ತೆ, ನಾಲ್ಕು ಗಾಡಿ ಪಕ್ಕಕ್ಕೆ ಸರಿದು ನಿಲ್ಲೋ ಜಾಗದ ಲೆಕ್ಕ ಯಾರೂ ಕೇಳೋದಿಲ್ಲ. ಘಾಟ್ ಶುರುವಾಗೋ ಮೊದಲೇ ಕೊಟ್ಟಿಗೆಹಾರದಲ್ಲಿ ಪಾರ್ಕಿಂಗ್, ಅಲ್ಲಿಂದ ಮಿನಿ ಬಸ್ ಓಡಿಸಿದರೂ ಅರ್ಧ ಕೆಲಸ ಆದಂತೆ.

ಇದರಲ್ಲಿ ವ್ಯಾಪಾರವೂ ಇದೆ. ಈಗ ಬರೋರಲ್ಲಿ ಎಷ್ಟೋ ಜನ ಚಿಪ್ಸು, ನೀರು, ಬಾಟಲಿ ಎಲ್ಲಾ ಊರಿಂದಲೇ ತರ್ತಾರೆ. ಬಿಟ್ಟು ಹೋಗೋದು ಕಸ ಮಾತ್ರ. ತಡೆಗೋಡೆ ಆಚೆ ಎಸೆದದ್ದು ಝರಿ ಹಿಡಿದು ಮೃತ್ಯುಂಜಯ ನದಿಗೆ, ಅಲ್ಲಿಂದ ನೇತ್ರಾವತಿಗೆ. ಅದೇ ಗಾಡಿ ಕೊಟ್ಟಿಗೆಹಾರದಲ್ಲಿ ಎರಡು ಗಂಟೆ ನಿಂತರೆ ನೀರುದೋಸೆ ಖರ್ಚಾಗುತ್ತೆ, ಕಾಫಿಪುಡಿ, ಏಲಕ್ಕಿ, ಕಾಳುಮೆಣಸು ಖರ್ಚಾಗುತ್ತೆ. ಅಲ್ಲೇ ಇರೋ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನಕ್ಕೂ ನಾಲ್ಕು ಜನ ಕಾಲಿಡ್ತಾರೆ.

ಅಡ್ಡಿ ಇರೋದು ಯಜಮಾನಿಕೆಯಲ್ಲಿ. ಘಾಟ್‌ನ ಮೇಲಿನ ಭಾಗ ಮೂಡಿಗೆರೆ ತಾಲ್ಲೂಕು, ಕೆಳಗಿನದು ಬೆಳ್ತಂಗಡಿ. ಜಿಲ್ಲೆ ಎರಡು. ರಸ್ತೆ ಹೆದ್ದಾರಿಯವರದ್ದು, ಪಕ್ಕದ ಮರ ಅರಣ್ಯ ಇಲಾಖೆಯದ್ದು, ಕಸ ಯಾರದ್ದೂ ಅಲ್ಲ. ಎರಡೂ ಜಿಲ್ಲಾಧಿಕಾರಿಗಳು ಒಂದೇ ಟೇಬಲ್‌ಗೆ ಕೂತು, ಯಾವ ತಿರುವಿನಲ್ಲಿ ನಿಲ್ಲಬಾರದು, ಎಲ್ಲಿ ನಿಲ್ಲಬಹುದು ಅಂತ ಗುರುತು ಹಾಕಬೇಕು. ಅದೂ ಮುಂಗಾರಿಗೆ ಮೊದಲೇ. ಮಳೆ ಶುರುವಾದ ಮೇಲೆ ಅಲ್ಲಿ ಜಾಗ ಅಳೆಯೋಕೂ ಜೀಪು ನಿಲ್ಲಿಸೋಕಾಗಲ್ಲ.